ಪದ ಪರಿಚಯ: ಡೇಲೈಟಿಂಗ್

ಊರು ಬೆಳೆದಂತೆಲ್ಲ ನಡುವೆ ಹರಿಯುವ ಹಳ್ಳ ಗಲೀಜಾಗುತ್ತದೆ. ವಾಸನೆ ತಡೆಯಲಾಗದೆ ಮೇಲೆ ಸ್ಲ್ಯಾಬ್ ಹಾಕುತ್ತಾರೆ. ಸ್ಲ್ಯಾಬಿನ ಮೇಲೆ ರಸ್ತೆ ಬರುತ್ತದೆ. ಒಂದು ತಲೆಮಾರು ಕಳೆದರೆ ಅಲ್ಲಿ ಹಳ್ಳ ಇತ್ತೆನ್ನುವುದೇ ಜನಕ್ಕೆ ಗೊತ್ತಿರುವುದಿಲ್ಲ. ಹೀಗೆ ಹೂತುಹೋದ ಹಳ್ಳವನ್ನು ಅಗೆದು ತೆರೆದು, ನೀರು ಬಿಟ್ಟು, ದಡದಲ್ಲಿ ಗಿಡ ಬೆಳೆಸುವುದಕ್ಕೆ ಡೇಲೈಟಿಂಗ್ ಎನ್ನುತ್ತಾರೆ. ಬಹಳಷ್ಟು ಕಡೆ ಅದರ ಜೊತೆಗೇ ನಡೆಯುವ ದಾರಿಯೂ ಬರುತ್ತದೆ.

ಅಮೆರಿಕದ ಬರ್ಕ್ಲಿಯಲ್ಲಿ 1984ರಲ್ಲಿ ಸ್ಟ್ರಾಬೆರಿ ಕ್ರೀಕ್ ಎಂಬ ತೊರೆಯನ್ನು ಬರೀ 60 ಮೀಟರಿನಷ್ಟು ತೆರೆದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ 1988ರಿಂದ ಇದನ್ನೇ ನೀತಿ ಮಾಡಿಕೊಂಡಿತು. ಅವರದು ಪಕ್ಕಾ ಲೆಕ್ಕಾಚಾರ: ತೊರೆಗಳ ಶುದ್ಧ ನೀರು ಒಳಚರಂಡಿ ಪೈಪಿಗೆ ಸೇರಿ, ಶುದ್ಧೀಕರಣ ಘಟಕಕ್ಕೆ ಸುಮ್ನೆ ಹೊರೆಯಾಗುತ್ತಿತ್ತು.

ಆದರೆ ಈ ಪದ ಬಂದಾಗೆಲ್ಲ ಎಲ್ಲರೂ ತೋರಿಸುವುದು ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್‌ಗ್ಯೆಚೊನ್ ತೊರೆಯನ್ನು. 1958ರಿಂದ ಅದನ್ನು ಮುಚ್ಚುತ್ತಾ ಬಂದರು. ಅದರ ಮೇಲೆ ಕಟ್ಟಿದ ಫ್ಲೈಓವರ್ 1976ಕ್ಕೆ ಮುಗಿಯಿತು. ದಿನಕ್ಕೆ ಲಕ್ಷಕ್ಕೂ ಜಾಸ್ತಿ ವಾಹನ ಓಡುತ್ತಿದ್ದ ಆ ರಸ್ತೆಯನ್ನು 2003ರಲ್ಲಿ ಕೆಡವಲು ಶುರುಮಾಡಿದರು. ಆಗ ಮೇಯರ್ ಆಗಿದ್ದವರು ಲೀ ಮ್ಯುಂಗ್ ಬಾಕ್. ಮುಂದೆ ದೇಶದ ಅಧ್ಯಕ್ಷರೂ ಆದರು. 2005ರ ಅಕ್ಟೋಬರಿನಲ್ಲಿ ಸುಮಾರು 5.8 ಕಿ.ಮೀ. ತೊರೆ ಜನಕ್ಕೆ ತೆರೆಯಿತು.

ಮೇಲಿನ ರಸ್ತೆಯಿಂದ ಮೆಟ್ಟಿಲಿಳಿದು ಹೋದರೆ ಪಕ್ಕದಲ್ಲೇ ನೀರು. ಆಚೆ ದಡಕ್ಕೆ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಶುರುವಿನಲ್ಲಿ ಎಲ್ಲ ಕಲ್ಲು, ಕಾರಂಜಿ, ದೀಪ. ಕೆಳಕ್ಕೆ ನಡೆದಂತೆ ಜೊಂಡು ಬರುತ್ತದೆ, ಕೊಕ್ಕರೆ ಕಾಣುತ್ತವೆ. ಒಂದು ಕಡೆ ಹಳೆಯ ಫ್ಲೈಓವರಿನ ಮೂರು ಕಂಬಗಳನ್ನು ಬೇಕಂತಲೇ ಕೆಡವದೆ ಬಿಟ್ಟಿದ್ದಾರೆ. ನಡೆಯುವವರಿಗೆ ಲಾಭವೂ ಇದೆ: ಬೇಸಿಗೆಯಲ್ಲಿ ಅಕ್ಕಪಕ್ಕದ ರಸ್ತೆಗಳಿಗಿಂತ ಇಲ್ಲಿ ಕೆಲವು ಡಿಗ್ರಿ ತಂಪು.

ಆದರೆ ಆ ನೀರು ಎಲ್ಲಿಂದ ಬರುತ್ತದೆ? ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು. ಜೊತೆಗೆ ಮೆಟ್ರೋ ಸುರಂಗಗಳಲ್ಲಿ ಒಸರುವ ಅಂತರ್ಜಲ. ದಿನಕ್ಕೆ ಸುಮಾರು 1.2 ಲಕ್ಷ ಟನ್. ಮೂಲದಿಂದ ತಾನಾಗಿ ಬರುವ ನೀರು ವರ್ಷಪೂರ್ತಿ ಹರಿಯುವಷ್ಟಿಲ್ಲ. ಇದು ತೊರೆಯಲ್ಲ, ಉದ್ದನೆಯ ಕಾರಂಜಿ ಅಂತ ಅಲ್ಲಿನ ಪರಿಸರವಾದಿಗಳೇ ಟೀಕಿಸಿದ್ದರು. ನನಗೂ ಆ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಪಂಪ್ ನಿಲ್ಲಿಸಿದರೆ ಬತ್ತುವ ತೊರೆಯ ದಡವನ್ನು ಪರಿಸರ ನಡಿಗೆಯ ದಾರಿ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ?

ಫೋಟೋಗಳಲ್ಲಿ ಕಾಣದ ಇನ್ನೊಂದು ಕೆಲಸ ಅಲ್ಲಿದೆ. ಒಳಚರಂಡಿ ನೀರಿಗೆ ಎರಡೂ ಬದಿಯಲ್ಲಿ ಬೇರೆ ಕಾಲುವೆ ಇದೆ. ಜೋರು ಮಳೆ ಬಂದಾಗ ಅದು ತುಂಬಿ, ಗೋಡೆಯಲ್ಲಿರುವ ತೂಬಿನ ಬಾಗಿಲು ತೆರೆದುಕೊಂಡು ತೊರೆಗೆ ನುಗ್ಗುತ್ತದೆ. ಅದಕ್ಕೇ ಮಳೆ ಶುರುವಾದರೆ ಜನರನ್ನು ಮೇಲಕ್ಕೆ ಕಳಿಸಿ ದಾರಿ ಮುಚ್ಚುತ್ತಾರೆ.

ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆಯತ್ತ ಹೋಗುವ ಕೆ-100 ರಾಜಕಾಲುವೆಯನ್ನು ಸರಿಪಡಿಸಿ ಪಕ್ಕದಲ್ಲಿ ನಡೆಯುವ ದಾರಿ ಮಾಡುವ ಕೆಲಸ ಶುರುವಾದಾಗಲೂ ಸೋಲ್‌ನ ಹೆಸರೇ ಬಂತು. ಲೆಕ್ಕಕ್ಕೆ ಇದು ಡೇಲೈಟಿಂಗ್ ಅಲ್ಲ. ಈ ಕಾಲುವೆ ಬಹುತೇಕ ತೆರೆದೇ ಇತ್ತು. ಮಳೆನೀರು ಹೋಗಬೇಕಾದಲ್ಲಿ ಒಳಚರಂಡಿ ನೀರು ಹರಿಯುತ್ತಿತ್ತು, ತೊಂದರೆ ಅದು. ಹಾಗಾಗಿ ಅಲ್ಲಿ ಚಪ್ಪಡಿ ಹಾಸಿ ಬೆಂಚ್ ಇಡುವುದಕ್ಕಿಂತ ಕಷ್ಟದ ಕೆಲಸ, ಕಾಲುವೆಗೆ ಬಂದು ಸೇರುವ ಒಂದೊಂದೇ ಪೈಪನ್ನು ಹುಡುಕಿ ಒಳಚರಂಡಿಗೆ ತಿರುಗಿಸುವುದು. ಮೇಲಿನ ಬಡಾವಣೆಯಲ್ಲಿ ಯಾರೋ ಹೊಸದಾಗಿ ಒಂದು ಪೈಪ್ ಬಿಟ್ಟರೂ ಕೆಳಗಿನ ಬೆಂಚಿನಲ್ಲಿ ಕೂತವರ ಮೂಗಿಗೆ ಅದು ತಕ್ಷಣ ಗೊತ್ತಾಗುತ್ತದೆ.