ಪ್ರಾಸ್ಟೇಟ್ ರೋಬೋಟಿಕ್ ಸರ್ಜರಿ: ನರ, ಮಾತ್ರೆ ಮತ್ತು ನಾನು ಎಡವಿದ ವೈವಾ ಪ್ರಶ್ನೆ

"ಕ್ಯಾನ್ಸರ್‌ಗೆ ಪ್ರಾಸ್ಟೇಟ್ ಗ್ರಂಥಿ ತೆಗೆಯುವಾಗ ಎರಡೂ ಕಡೆಯ ನಿಮಿರುವಿಕೆಯ ನರ ತೆಗೆದಿದ್ದಾರೆ. ಸಿಲ್ಡೆನಾಫಿಲ್ (ವಯಾಗ್ರ) ಕೊಟ್ಟರೆ?" ಅಂತ ವೈವಾದಲ್ಲಿ, ಅಂದ್ರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿದರು. "ಡೋಸ್ ಜಾಸ್ತಿ ಮಾಡ್ಬೇಕು ಸಾರ್" ಅಂದುಬಿಟ್ಟೆ. ಪಕ್ಕದಲ್ಲಿದ್ದವನು ನಕ್ಕ. ಮರೆಯೋ ಮೊದಲು ಬರೆದಿಡ್ತಿದ್ದೀನಿ.

ನಿಮಿರುವಿಕೆಯ ನರಗಳು ಪ್ರಾಸ್ಟೇಟಿನ ಹಿಂಬದಿಯ ಎರಡು ಮೂಲೆಗಳಲ್ಲಿ, ಗಡಿಯಾರದ 5 ಮತ್ತು 7ರ ಜಾಗದಲ್ಲಿ, ರಕ್ತನಾಳಗಳ ಜೊತೆ ಹೆಣೆದುಕೊಂಡು ಹೋಗುತ್ತವೆ. ಅವುಗಳ ದಾರಿ ಹುಡುಕಿದ್ದು ವಾಲ್ಷ್ ಮತ್ತು ಡೊಂಕರ್ ಅನ್ನೋ ಇಬ್ಬರು ಯೂರಾಲಜಿ ವೈದ್ಯರು. 1982ರಲ್ಲಿ ವಾಲ್ಷ್ ಬಾಲ್ಟಿಮೋರಿನಲ್ಲಿ ಬೇಕೆಂದೇ ನರ ಉಳಿಸಿ ಆಪರೇಷನ್ ಮಾಡಿದರು. ರೋಬೋಟ್ ಕೊಡೋದು ದೊಡ್ಡದಾಗಿ ಕಾಣುವ 3ಡಿ ನೋಟ, ಮಣಿಕಟ್ಟಿನಂತೆ ತಿರುಗುವ ಕತ್ತರಿ. ನರದ ಹತ್ತಿರ ಕಾಟರಿ (ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಸಾಧನ) ಬೇಡ, ಶಾಖಕ್ಕೇ ನರ ಹಾಳಾಗುತ್ತೆ. ಕ್ಯಾನ್ಸರ್ ಆ ಬದಿಯಲ್ಲಿ ಹೊರಗೆ ಚಾಚಿದ್ದರೆ ಆ ಬದಿಯ ನರ ಬಿಟ್ಟುಕೊಡಲೇಬೇಕು.

ಈಗ ನನ್ನ ತಲೆನೋವು. ನರದ ತುದಿ ನೈಟ್ರಿಕ್ ಆಕ್ಸೈಡ್ ಬಿಡುತ್ತೆ, ಅದರಿಂದ ಜೀವಕೋಶದೊಳಗೆ ಸಿಜಿಎಂಪಿ ಅನ್ನೋ ಸಂದೇಶವಾಹಕ ರಾಸಾಯನಿಕ ಹುಟ್ಟುತ್ತೆ, ಸ್ನಾಯು ಸಡಿಲವಾಗಿ ರಕ್ತ ತುಂಬುತ್ತೆ. ಪಿಡಿಇ5 ಅನ್ನೋ ಕಿಣ್ವ ಆ ಸಿಜಿಎಂಪಿಯನ್ನು ಒಡೆದುಹಾಕುತ್ತೆ. ಸಿಲ್ಡೆನಾಫಿಲ್ ಪಿಡಿಇ5 ಅನ್ನು ತಡೆಯುತ್ತೆ, ಅಷ್ಟೇ. ಕೆರೆ ಅಂದುಕೊಳ್ಳಿ: ನರ ಅಂದ್ರೆ ನೀರು ತರುವ ಕಾಲುವೆ, ಸಿಜಿಎಂಪಿ ಕೆರೆಯ ನೀರು, ಪಿಡಿಇ5 ತೂಬು. ಮಾತ್ರೆ ತೂಬು ಮುಚ್ಚುತ್ತೆ. ಕಾಲುವೆಯೇ ಬತ್ತಿದ್ದರೆ ತೂಬು ಮುಚ್ಚಿ ಏನು ಬಂತು? ಡೋಸ್ ಏರಿಸೋದು ಅಂದ್ರೆ ಒಣಕೆರೆಯ ತೂಬನ್ನು ಇನ್ನೂ ಬಿಗಿ ಮಾಡಿದ ಹಾಗೆ. (ಕೆರೆಯ ನೀರನ್ನ ರಕ್ತ ಅಂದುಕೊಂಡರೆ ಎಲ್ಲ ಕಲಸಿಹೋಗುತ್ತೆ. ನಾನು ಎರಡು ದಿನ ಅಲ್ಲೇ ಒದ್ದಾಡಿದೆ.) ಶಿಶ್ನಕ್ಕೇ ಚುಚ್ಚುವ ಆಲ್‌ಪ್ರೊಸ್ಟಾಡಿಲ್ ಮಾತ್ರ ಬೋರ್‌ವೆಲ್ ಇದ್ದಂತೆ, ನರದ ಹಂಗಿಲ್ಲದೆ ಸಿಎಎಂಪಿ ಅನ್ನೋ ಇನ್ನೊಂದು ಸಂದೇಶವಾಹಕದ ಮೂಲಕ ಕೆಲಸ ಮಾಡುತ್ತೆ. ವ್ಯಾಕ್ಯೂಮ್ ಪಂಪ್, ಇಂಪ್ಲಾಂಟ್‌ಗೂ ನರ ಬೇಡ.

ನರ ಉಳಿಸಿದರೂ ಮರುದಿನವೇ ಫಲ ಸಿಗಲ್ಲ. ಎಳೆದಾಟಕ್ಕೇ ನರ ಮರಗಟ್ಟುತ್ತೆ, ಚೇತರಿಸಿಕೊಳ್ಳಲು ಎರಡು ವರ್ಷದವರೆಗೂ ಹಿಡಿಯಬಹುದು. ಅಷ್ಟರಲ್ಲಿ ಅಂಗಾಂಶ ಬಿಗಿಯಾಗದಿರಲಿ ಅಂತ ಮಾತ್ರೆ, ಪಂಪ್ ಬೇಗ ಶುರುಮಾಡ್ತಾರೆ. ಅದರಿಂದ ತಾನಾಗಿ ಬರುವ ನಿಮಿರುವಿಕೆ ಹೆಚ್ಚುತ್ತೆ ಅನ್ನೋದಕ್ಕೆ ಪುರಾವೆ ಮಾತ್ರ ಗಟ್ಟಿಯಿಲ್ಲ.

ಸ್ಪರ್ಶಜ್ಞಾನದ ನರ ಪುಡೆಂಡಲ್, ದಾರಿಯೇ ಬೇರೆ. ಹಾಗಾಗಿ ಸುಖದ ಅನುಭವ ಉಳಿಯಬಹುದು, ವೀರ್ಯ ಹೊರಬರಲ್ಲ. ಇದನ್ನ ಆಪರೇಷನ್‌ಗೆ ಮೊದಲೇ ಗಂಡ-ಹೆಂಡತಿ ಇಬ್ಬರಿಗೂ ಹೇಳಬೇಕು.

ಸಿಲ್ಡೆನಾಫಿಲ್ ಬರೆಯೋ ಮೊದಲು "ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಮಾತ್ರೆ ಇದೆಯಾ ಯಜಮಾನ್ರೇ?" ಅಂತ ಕೇಳಿ. ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ಇದ್ದರೆ ಸಿಲ್ಡೆನಾಫಿಲ್ ಬೇಡ, ಬಿಪಿ ಧಡಕ್ಕನೆ ಇಳಿಯುತ್ತೆ.