‘ನಷ್ಟವೆಂದೆಣಿಸು’: ಯಾವುದನ್ನು, ಯಾರು?

ಕುಂಬಳೆ ಹತ್ತಿರ ಒಂದು ಸಾವಿನ ಮನೆ. ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ಮೂರು ದಿನದಿಂದ ಯಾರೂ ಮಗುಚಿರಲಿಲ್ಲ. ಮಗುಚುತ್ತಿದ್ದವರೇ ಹೋಗಿದ್ದರು. ಬಂದವರೊಬ್ಬರು ಅವರ ಹೆಂಡತಿಗೆ ಹೇಳಿದರು: “ಅಳ್ಬೇಡಿ ಬಾಯಮ್ಮ, ನಷ್ಟವನ್ನು ಲಾಭ ಅಂತ ಎಣಿಸಿ. ಸಂತ ಪೌಲರೇ ಹೇಳಿದ್ದಾರೆ ಅಲ್ವಾ?”

ಹೇಳಿಲ್ಲ. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಬೈಬಲಿನಲ್ಲಿ ಪೌಲರು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಇರುವುದು ಪೂರಾ ಉಲ್ಟಾ. ನನಗೆ ಲಾಭವಾಗಿದ್ದದ್ದನ್ನೇ ಕ್ರಿಸ್ತನಿಗಾಗಿ ನಷ್ಟವೆಂದೆಣಿಸಿದೆ ಅನ್ನುತ್ತಾರೆ. ಆ ಲಾಭ ಯಾವುದು ಅಂತಲೂ ಅಲ್ಲೇ ಇದೆ: ಇಸ್ರಯೇಲಿನ ಬೆನ್ಯಾಮೀನನ ಕುಲ, ಕಟ್ಟುನಿಟ್ಟಿನ ಯೆಹೂದ್ಯ ಪಂಥದ ಫರಿಸಾಯನೆಂಬ ಹೆಸರು, ಧರ್ಮಶಾಸ್ತ್ರದಲ್ಲಿ ಕುಂದಿಲ್ಲದ ನಡತೆ. ನಮ್ಮಲ್ಲಿ ದೊಡ್ಡ ಮನೆತನ, ಇಗರ್ಜಿಯ ಮುಂದಿನ ಬೆಂಚು ಇದ್ದ ಹಾಗೆ. ಅದನ್ನೆಲ್ಲ ‘ಸ್ಕುಬಲ’ ಅಂದುಬಿಟ್ಟರು. ಕಸಕ್ಕೂ ಹೇಲಿಗೂ ಸಲ್ಲುವ ಗ್ರೀಕ್ ಪದ. ಗಂಡ, ಹೆಂಡತಿ, ಮಕ್ಕಳು ಆ ಪಟ್ಟಿಯಲ್ಲಿಲ್ಲ.

ನಷ್ಟಕ್ಕೆ ಅಲ್ಲಿರುವ ಪದ ‘ಜೆಮಿಯಾ’. ಬೈಬಲಿನ ಇನ್ನೊಂದು ಪುಸ್ತಕ, ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯದಲ್ಲೂ ಇದೇ ಪದ, ಅಲ್ಲಿ ಹಡಗಿನ ನಷ್ಟಕ್ಕೆ. ಪೌಲರೂ ಸೇರಿ 276 ಜನ, ಬಿರುಗಾಳಿ. ಮೊದಲು ಸರಕು, ಕೊನೆಗೆ ಗೋಧಿ, ಎಲ್ಲವನ್ನೂ ತಾವೇ ಕಡಲಿಗೆ ಸುರಿದರು. ದಡದಲ್ಲಿ ದುಡ್ಡು ತರುವ ಗೋಧಿ ಅಲೆಯ ಮೇಲೆ ಬರೀ ಭಾರ. ನಷ್ಟವೆಂದೆಣಿಸುವುದು ಅಂದರೆ ನನ್ನ ಮಟ್ಟಿಗೆ ಇದು. ಕಡಲೇ ಮನೆಯವರನ್ನು ಎಳೆದುಕೊಂಡು ಹೋದರೆ ಅದು ಬೇರೆ ಮಾತು.

ಇನ್ನು ‘ಎಣಿಸು’. ಬೈಬಲಿನ ಹಳೆಯ ಕನ್ನಡ ಅನುವಾದದ ಈ ಪದ ನನಗೆ ತುಂಬಾ ಇಷ್ಟ. ನಮ್ಮ ಕಾಸರಗೋಡಿನಲ್ಲಿ ತೆಂಗಿನಕಾಯಿಯನ್ನೂ ಎಣಿಸುತ್ತೇವೆ, ‘ಮಳೆ ಬರ್ತದೆ ಅಂತ ಎಣಿಸಿದೆ’ ಅಂತಲೂ ಹೇಳುತ್ತೇವೆ. ಗ್ರೀಕ್ ಕ್ರಿಯಾಪದಕ್ಕೆ ಇಲ್ಲಿ ಹೊಂದುವುದು ಎರಡನೆಯದು. ಅಂದರೆ ಬಗೆಯುವುದು. ಬಗೆದವರು ಯಾರು? ಪೌಲರೇ, ತಮ್ಮ ವಿಷಯದಲ್ಲಿ ಮಾತ್ರ. ಬೇರೆಯವರ ತೋಟದ ಕಾಯಿ ಎಣಿಸಲು ಹೋಗಲಿಲ್ಲ.

ಇದೇ ಪತ್ರದ 1ನೇ ಅಧ್ಯಾಯದ ‘ಸಾಯುವುದು ಲಾಭ’ ಅನ್ನುವ ಮಾತೂ ಅಷ್ಟೇ. ಸೆರೆಯಲ್ಲಿ ಕೂತು ಅವರು ಬರೆದದ್ದು ಸ್ವಂತ ಸಾವಿನ ಬಗ್ಗೆ. ಅದೇ ಪತ್ರದ 2ನೇ ಅಧ್ಯಾಯದಲ್ಲಿ ಜೊತೆಗಾರ ಎಪಫ್ರೊದಿತ ಕಾಯಿಲೆ ಬಿದ್ದು ಸಾಯುವ ಹಾಗಾಗಿ ಉಳಿದ ಸುದ್ದಿ ಇದೆ. ಹೋಗಿದ್ದರೆ ಅವನಿಗೆ ಲಾಭವಾಗುತ್ತಿತ್ತು ಅಂತ ಪೌಲರು ಬರೆಯಲಿಲ್ಲ. ದೇವರು ಅವನನ್ನೂ ಕರುಣಿಸಿದ, ನನ್ನನ್ನೂ ಕರುಣಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಅಂತ ಬರೆದರು.