ಮೀಟರ್ ಉಳಿಯಿತು, ಹತ್ತು ದಿನದ ವಾರ ಉಳಿಯಲಿಲ್ಲ

1789ರ ಕ್ರಾಂತಿಗೆ ಮುಂಚೆ ಫ್ರಾನ್ಸಿನಲ್ಲಿ ಊರಿಗೊಂದು ಅಳತೆ ಇತ್ತು. ಜಮೀನ್ದಾರರು ಧಾನ್ಯ ವಸೂಲು ಮಾಡುವಾಗ ತಮ್ಮದೇ ಅಳತೆಪಾತ್ರೆ ಬಳಸುತ್ತಿದ್ದರು. ಪಾತ್ರೆ ದೊಡ್ಡದಾದಷ್ಟೂ ರೈತನಿಗೆ ನಷ್ಟ. ಹಾಗಾಗಿ ಆ ವರ್ಷ ರಾಜನಿಗೆ ಹೋದ ಅಹವಾಲುಗಳಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಬಂತು: ಎಲ್ಲರಿಗೂ ಒಂದೇ ಅಳತೆ ಬೇಕು.

ಕ್ರಾಂತಿ ಎಂದರೆ ನಮಗೆ ಅರಮನೆ ಬಿದ್ದದ್ದೇ ಜಾಸ್ತಿ ನೆನಪಾಗುತ್ತದೆ, ಅಲ್ವಾ? ನನಗೆ ಈ ಬೇಡಿಕೆಯೇ ದೊಡ್ಡದಾಗಿ ಕಾಣುತ್ತದೆ. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದಲ್ಲಿ ಕೋಟಿಗೊಂದು ಪಾಲನ್ನು ಮೀಟರ್ ಎಂದು ಕರೆಯಲು ತೀರ್ಮಾನವಾಯಿತು. ಯಾವ ರಾಜನಿಗೂ, ಯಾವ ಊರಿಗೂ ಸೇರದ ಅಳತೆ ಅದು. ಡಿಲಾಂಬ್ರ್ ಮತ್ತು ಮೆಶೇನ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು 1792ರಿಂದ 1798ರವರೆಗೆ, ಯುದ್ಧದ ನಡುವೆಯೇ, ಆ ಉದ್ದ ಲೆಕ್ಕ ಹಾಕಲು ಫ್ರಾನ್ಸಿನ ಡನ್‌ಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾವರೆಗಿನ ದೂರ ಅಳೆದರು. ಆದರೂ ಜನ ಹಳೆಯ ಅಳತೆಯನ್ನು ಸುಲಭಕ್ಕೆ ಬಿಡಲಿಲ್ಲ. 1812ರಲ್ಲಿ ನೆಪೋಲಿಯನ್ ನಿಯಮ ಸಡಿಲಿಸಿದ. ಮೀಟರ್ ಮತ್ತೆ ಕಡ್ಡಾಯವಾದದ್ದು 1840ರಲ್ಲಿ. 1875ರಲ್ಲಿ 17 ದೇಶಗಳು ಪ್ಯಾರಿಸ್‌ನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು.

ಅದೇ ಕ್ರಾಂತಿ ತಂದ ಹೊಸ ಪಂಚಾಂಗ ಮಾತ್ರ ಬಾಳಲಿಲ್ಲ. 1793ರಲ್ಲಿ ವಾರಕ್ಕೆ ಹತ್ತು ದಿನ ಮಾಡಿದರು. ಏಳು ದಿನಕ್ಕೊಮ್ಮೆ ಬರುತ್ತಿದ್ದ ಭಾನುವಾರ ಹೋಗಿ, ಹತ್ತು ದಿನಕ್ಕೊಂದು ರಜೆ ಬಂತು. 1806ರ ಆರಂಭಕ್ಕೆ ಅದು ರದ್ದಾಯಿತು. ಸೋವಿಯತ್ ಒಕ್ಕೂಟವೂ ಇಂಥದ್ದೇ ಪ್ರಯೋಗ ಮಾಡಿತು. 1929ರಲ್ಲಿ ಐದು ದಿನದ ವಾರ ತಂದು, ಕಾರ್ಖಾನೆ ನಿಲ್ಲದಿರಲೆಂದು ಕೆಲಸಗಾರರಿಗೆ ಬೇರೆ ಬೇರೆ ದಿನ ರಜೆ ಕೊಟ್ಟರು. ಗಂಡನಿಗೊಂದು ದಿನ, ಹೆಂಡತಿಗೊಂದು ದಿನ ರಜೆ ಸಿಕ್ಕರೆ ಅದೆಂಥ ರಜೆ? 1940ರಲ್ಲಿ ಏಳು ದಿನದ ವಾರ ವಾಪಸ್ ಬಂತು. ಆದರೆ ಅದೇ ಸರ್ಕಾರ 1919ರಲ್ಲಿ ಶುರು ಮಾಡಿದ ಸಾಕ್ಷರತಾ ಆಂದೋಲನ ಬೇರೂರಿತು. 8ರಿಂದ 50 ವರ್ಷದವರೆಲ್ಲ ಓದು ಬರಹ ಕಲಿಯಬೇಕಿತ್ತು. ಕಲಿತ ಅಕ್ಷರವನ್ನು ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ.

ಹಕ್ಕುಗಳನ್ನು ಮಾತ್ರ ಕಿತ್ತುಕೊಳ್ಳಬಹುದು. ಫ್ರಾನ್ಸಿನಲ್ಲಿ 1792ರಲ್ಲಿ ಹೆಂಗಸರಿಗೂ ಗಂಡಸರಿಗೂ ಸಮನಾಗಿ ಸಿಕ್ಕ ವಿಚ್ಛೇದನದ ಹಕ್ಕು 1816ರಲ್ಲಿ ಹೋಯಿತು. ವಿಚ್ಛೇದನದ ಕಾನೂನು ಮತ್ತೆ ಬಂದದ್ದು 1884ರಲ್ಲಿ. ಗುಲಾಮಗಿರಿಯ ಕಥೆ ಇನ್ನೂ ಕಹಿ. ಕೆರಿಬಿಯನ್‌ನ ಫ್ರೆಂಚ್ ವಸಾಹತು ಸೇನ್ ಡೊಮಿಂಗ್‌ನಲ್ಲಿ 1791ರಲ್ಲಿ ಗುಲಾಮರು ದಂಗೆ ಎದ್ದ ಮೇಲೆಯೇ 1794ರಲ್ಲಿ ಪ್ಯಾರಿಸ್ ಗುಲಾಮಗಿರಿಯನ್ನು ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ಅದಕ್ಕೆ ಮತ್ತೆ ಜೀವ ಕೊಟ್ಟ. ಸೇನ್ ಡೊಮಿಂಗ್‌ನವರು ಅವನ ಸೈನ್ಯವನ್ನು ಸೋಲಿಸಿ 1804ರ ಜನವರಿ 1ರಂದು ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿದರು. ಅದೇ ಕೆರಿಬಿಯನ್‌ನ ಫ್ರೆಂಚ್ ದ್ವೀಪಗಳಾದ ಗ್ವಾಡಲೂಪ್, ಮಾರ್ಟಿನಿಕ್‌ನ ಗುಲಾಮರು ಬಿಡುಗಡೆಗೆ 1848ರವರೆಗೆ ಕಾಯಬೇಕಾಯಿತು.